ಎಲೆಯಿಲ್ಲದ ಕ್ರೂಸಿಬಲ್

"ಎಲೆ ಹಾಕದೆ ಒಂದ್ಸಲ ಮಾಡಿ ನೋಡಿದ್ಯಾ?"

ಗೈಡ್ ಮೇಡಂ ಕೇಳಿದ್ದು ಇಷ್ಟೇ. ತಂಗಡಿ ಎಲೆಯ ಕಷಾಯದಿಂದ ಝಿಂಕ್ ಆಕ್ಸೈಡಿನ ನ್ಯಾನೊ ಕಣಗಳನ್ನು ತಯಾರಿಸುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ ವಿಷಯ. ಎಲೆಯನ್ನೇ ಬಿಟ್ಟರೆ ಅದರಲ್ಲಿ ಇನ್ನೇನು ಉಳಿಯುತ್ತದೆ ಅನ್ನಿಸಿತು. "ಇಲ್ಲ ಮೇಡಂ" ಅಂದೆ.

ತಂಗಡಿಯನ್ನು ಹುಡುಕಿಕೊಂಡವಳು ನಾನೇ. ಚಳ್ಳಕೆರೆ ಕಡೆಯ ನಮ್ಮೂರಲ್ಲಿ ಬೇರೆಲ್ಲ ಒಣಗಿ ನಿಂತಾಗಲೂ ಬದುವಿನ ಮೇಲೆ ಹಳದಿ ಹೂ ಬಿಟ್ಟುಕೊಂಡಿರುವ ಗಿಡ ಅದು. ಹಿಂದೆ ತೊಗಲು ಹದ ಮಾಡುವವರು ಇದರ ಚಕ್ಕೆಯನ್ನು ಬಳಸುತ್ತಿದ್ದರು. ಚಕ್ಕೆಯಲ್ಲಿರುವ ಟ್ಯಾನಿನ್ ಚರ್ಮದ ಪ್ರೋಟೀನನ್ನು ಹಿಡಿದು ಕಟ್ಟುತ್ತದೆ. ಪ್ರೋಟೀನನ್ನು ಹಿಡಿಯುವುದು ಲೋಹದ ಅಯಾನನ್ನೂ, ಅಂದರೆ ವಿದ್ಯುದಾವೇಶವಿರುವ ಕಣವನ್ನೂ, ಹಿಡಿದೀತು, ಎಲೆಯಲ್ಲೂ ಅಂಥದ್ದು ಇದ್ದೀತು ಎಂಬುದು ನನ್ನ ಲೆಕ್ಕ.

ಅಲ್ಲಿಯವರೆಗೆ ನಾಲ್ಕು ಸಲ ಮಾಡಿದ್ದೆ. ನೆರಳಲ್ಲಿ ಒಣಗಿಸಿದ ಎಲೆಯ ಪುಡಿ 10 ಗ್ರಾಂ, ಡಿಸ್ಟಿಲ್ಡ್ ವಾಟರ್ 100 ಮಿಲಿ, ಅರ್ಧ ಗಂಟೆ ಬಿಸಿ. ಸೋಸಿದರೆ ಕಡು ಚಹಾದ ಬಣ್ಣದ ಕಷಾಯ. ಅದಕ್ಕೆ ಝಿಂಕ್ ನೈಟ್ರೇಟ್ ಬೆರೆಸಿ, ಹಾಟ್ ಪ್ಲೇಟಿನ ಮೇಲೆ ಪಾಯಸದ ಹದಕ್ಕೆ ಬತ್ತಿಸಿ, ಉರಿ ತಡೆಯುವ ಪುಟ್ಟ ಬಟ್ಟಲಾದ ಕ್ರೂಸಿಬಲ್ಲಿಗೆ ಸುರಿದು ಫರ್ನೆಸ್‌ನಲ್ಲಿಟ್ಟರೆ ಕೊನೆಗೆ ಬಿಳಿ ಪುಡಿ. ಮೊದಲ ಸಲ ಮಾತ್ರ ಬೂದು ಬಣ್ಣ ಬಂದಿತ್ತು. ಎಲೆಯ ಇಂಗಾಲ ಪೂರ್ತಿ ಉರಿದಿರಲಿಲ್ಲ. ಉಷ್ಣತೆಯನ್ನು 450 ಡಿಗ್ರಿಗೆ ಏರಿಸಿದ ಮೇಲೆ ಸರಿಹೋಯಿತು. ಕರಡು ವರದಿಯಲ್ಲಿ, ಎಲ್ಲ ಕಡೆ ಓದಿದ್ದನ್ನೇ ನಾನೂ ಬರೆದಿದ್ದೆ: "ಎಲೆಯಲ್ಲಿರುವ ಫೀನಾಲುಗಳು (ಟ್ಯಾನಿನ್ನಿನಂಥ ಪದಾರ್ಥಗಳು) ಸತುವಿನ (ಝಿಂಕ್) ಅಯಾನುಗಳನ್ನು ಅಪಕರ್ಷಿಸಿ ನ್ಯಾನೊ ಕಣಗಳನ್ನು ಉಂಟುಮಾಡುತ್ತವೆ." ಮೇಡಂ ಈ ಸಾಲಿನ ಕೆಳಗೇ ಪೆನ್ಸಿಲ್ ಗೆರೆ ಎಳೆದಿದ್ದರು.

ಶನಿವಾರ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಝಿಂಕ್ ನೈಟ್ರೇಟಿನ ಡಬ್ಬಿ ತೆರೆದರೆ ಗಾಳಿಯ ತೇವ ಹೀರಿಕೊಂಡು ಬೆವತು ಗಟ್ಟಿಯಾಗಿತ್ತು. ಹೊಸ ಡಬ್ಬಿ ಒಡೆದು 2.97 ಗ್ರಾಮಿನಂತೆ ಎರಡು ಪಾಲು ತೂಗಿಕೊಂಡೆ. ಒಂದಕ್ಕೆ ಕಷಾಯ, ಇನ್ನೊಂದಕ್ಕೆ ಅಷ್ಟೇ ನೀರು. ಇಬ್ಬರು ಮಕ್ಕಳಿಗೆ ಒಂದೇ ಅಳತೆಯಲ್ಲಿ ಬಡಿಸುವಂತೆ ಬೀಕರು, ಬಿಸಿ, ಹೊತ್ತು ಎಲ್ಲವನ್ನೂ ಸಮ ಮಾಡಿದೆ. ಎರಡು ಕ್ರೂಸಿಬಲ್, ಒಂದೇ ಫರ್ನೆಸ್, ಎರಡು ಗಂಟೆ.

ಕಾದಂತೆ ನೈಟ್ರೇಟ್ ಒಡೆದು ಕೆಂಗಂದು ಹೊಗೆ ಬಂತು, ನೈಟ್ರೋಜನ್ ಡೈಆಕ್ಸೈಡ್. ಎಕ್ಸಾಸ್ಟ್ ಓಡುತ್ತಿದ್ದರೂ ಮೂಗಿಗೆ ಖಾರ ಹತ್ತಿತು. ಹಿಂದಿನ ನಾಲ್ಕು ಸಲವೂ ಈ ಹೊಗೆ ಬಂದಿತ್ತು. ನನ್ನ ಶೀರ್ಷಿಕೆಯಲ್ಲಿ 'ಹಸಿರು ವಿಧಾನ' ಎಂದಿತ್ತು, ವರದಿಯೊಳಗೆ ಎಲ್ಲಿಯೂ ಈ ಹೊಗೆಯ ಮಾತಿರಲಿಲ್ಲ. ಅದು ಅವತ್ತು ಮನಸ್ಸಿಗೆ ಚುಚ್ಚಿತು.

ಇಕ್ಕಳದಲ್ಲಿ ಕ್ರೂಸಿಬಲ್ ಹೊರತೆಗೆದಾಗ ಎರಡರಲ್ಲೂ ನಿಂಬೆಹಣ್ಣಿನ ಹಳದಿ. ಇಟ್ಟಿಗೆಯ ಮೇಲಿಟ್ಟು ನೋಡುತ್ತಾ ನಿಂತೆ. ತಣಿಯುತ್ತಿದ್ದಂತೆ ಅಂಚಿನಿಂದ ಒಳಕ್ಕೆ ಹಳದಿ ಕರಗುತ್ತಾ ಬಿಳುಪು ಹರಡಿತು. ಬಿಸಿಯಲ್ಲಿ ಝಿಂಕ್ ಆಕ್ಸೈಡ್ ಒಂದಿಷ್ಟು ಆಮ್ಲಜನಕ ಕಳೆದುಕೊಂಡು ಹಳದಿಯಾಗುತ್ತದೆ ಎಂದು ಪಿಯುಸಿಯಲ್ಲಿ ಓದಿ ಅಂಕವನ್ನೂ ಗಳಿಸಿದ್ದೆ. ಹಿಂದೆಲ್ಲ ಫರ್ನೆಸ್‌ನೊಳಗೇ ರಾತ್ರಿಯಿಡೀ ತಣಿಯಲು ಬಿಟ್ಟಿದ್ದರಿಂದ ಕಣ್ಣಾರೆ ಕಂಡದ್ದು ಅದೇ ಮೊದಲು. ಎಷ್ಟು ಚೆಂದವಿತ್ತು!

ಆದರೆ ಎಲೆಯಿಲ್ಲದ ಕ್ರೂಸಿಬಲ್ಲಿನಲ್ಲೂ ಅದೇ ಹಳದಿ, ಅದೇ ಬಿಳಿ. ಪೂರ್ತಿ ಆಕ್ಸೈಡಾದರೆ 0.81 ಗ್ರಾಂ ಬರಬೇಕು, ಅದರಲ್ಲಿ 0.78 ಸಿಕ್ಕಿತು. ಎಲೆ ಬೀಳದೆಯೂ ನನ್ನ ಪದಾರ್ಥ ತಯಾರಾಗಿತ್ತು.

ಸ್ಟೂಲಿನ ಮೇಲೆ ಕೂತು ಪೆನ್ಸಿಲ್ ಗೆರೆಯ ಆ ಸಾಲನ್ನು ಮತ್ತೆ ಓದಿದೆ. ಝಿಂಕ್ ನೈಟ್ರೇಟಿನಲ್ಲಿ ಸತುವಿನ ಆವೇಶ ಪ್ಲಸ್ ಎರಡು. ಝಿಂಕ್ ಆಕ್ಸೈಡಿನಲ್ಲೂ ಪ್ಲಸ್ ಎರಡೇ. ಅಪಕರ್ಷಣೆ ಎಂದರೆ ಎಲೆಕ್ಟ್ರಾನ್ ಪಡೆಯುವುದು. ಇಲ್ಲಿ ಸತು ಪಡೆದದ್ದೇನು? ಬೆಳ್ಳಿಯ ನ್ಯಾನೊ ಕಣದಲ್ಲಾದರೆ ಆ ಮಾತು ನಿಜ. ಎಲೆಯ ರಸ ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವನ್ನಾಗಿಸುತ್ತದೆ. ಬೆಳ್ಳಿಗೆ ಹೊಲಿದ ಅಂಗಿಯನ್ನು ಸತುವಿಗೆ ತೊಡಿಸಿದ್ದನ್ನು ನಾನೂ ಕಣ್ಮುಚ್ಚಿ ನಕಲು ಮಾಡಿದ್ದೆ.

ಹಾಗಾದರೆ ಎಲೆಯ ಕೆಲಸವೇನು? ಎರಡೂ ಪುಡಿಗಳನ್ನು, ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವ ಎಕ್ಸ್‌ಆರ್‌ಡಿಗೆ ಕಳಿಸಿ ಮೂರು ವಾರ ಕಾದೆ. ಗ್ರಾಫ್ ಬಂದಾಗ ಶಿಖರಗಳೆಲ್ಲ ಒಂದೇ ಜಾಗದಲ್ಲಿ: 31.8, 34.4, 36.3 ಡಿಗ್ರಿ ಕೋನ. ಎರಡೂ ಷಟ್ಕೋನ ರಚನೆಯ ಝಿಂಕ್ ಆಕ್ಸೈಡೇ. ಆದರೆ ಒಂದರ ಮೇಲೊಂದು ಇಟ್ಟರೆ ಎಲೆಯ ಪುಡಿಯ ಶಿಖರಗಳು ಅಗಲ, ಬರಿಯ ಪುಡಿಯವು ಸೂಜಿಯಂತೆ ಚೂಪು. ಹರಳು ಸಣ್ಣದಾದಷ್ಟೂ ಶಿಖರ ಅಗಲವಾಗುತ್ತದೆ. ಯಂತ್ರದ ಪಾಲಿನ ಅಗಲವನ್ನು ಕಳೆದು ಅಗಲದಿಂದ ಹರಳಿನ ಗಾತ್ರ ಹೇಳುವ ಶೆರರ್ ಸೂತ್ರಕ್ಕೆ ಹಾಕಿದೆ. ಎಲೆ ಇದ್ದದ್ದು ಸುಮಾರು 24 ನ್ಯಾನೊಮೀಟರ್, ಇಲ್ಲದ್ದು 48. ಎಲೆ ಕೆಲಸ ಮಾಡಿತ್ತು! ಖುಷಿಯಲ್ಲಿ ಹಾಸ್ಟೆಲಿನವರೆಗೂ ಓಡಿದೆ.

"ಎಲೆ ಸತುವನ್ನು ಅಲ್ಲಲ್ಲಿ ಹಿಡಿದು ದೂರ ದೂರ ಕೂರಿಸಿರುತ್ತೆ. ಜೊತೆಗೆ ಉರಿದು ಗಾಳಿ ಬಿಡುತ್ತಲ್ಲ, ಹರಳುಗಳು ಒಟ್ಟಾಗಿ ಬೆಳೆಯೋಕೆ ಬಿಡಲ್ಲ. ಸೌದೆ ಅನ್ಕೋ" ಅಂದರು ಮೇಡಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲರು 1988ರಲ್ಲಿ ತೋರಿಸಿದ ದಹನ ವಿಧಾನವನ್ನು ಅವರೇ ಹೇಳಿಕೊಟ್ಟರು: ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ 500 ಡಿಗ್ರಿಯ ಫರ್ನೆಸ್‌ಗೆ ಇಟ್ಟರೆ ನೊರೆಯುಕ್ಕಿ ಹೊತ್ತಿಕೊಂಡು, ನಿಮಿಷಗಳಲ್ಲೇ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅಲ್ಲಿ ಯೂರಿಯಾ ಉರಿದಂತೆ ನನ್ನ ಕ್ರೂಸಿಬಲ್ಲಿನಲ್ಲಿ ತಂಗಡಿಯ ಸಕ್ಕರೆ, ಟ್ಯಾನಿನ್‌ಗಳು ಉರಿದಿದ್ದವು.

ವರದಿಯಲ್ಲಿ 'ಅಪಕರ್ಷಿಸಿ' ಹೋಯಿತು, ಕೆಂಗಂದು ಹೊಗೆ ಬಂತು. ಶೀರ್ಷಿಕೆಯ 'ಹಸಿರು'ವನ್ನೂ ತೆಗೆದೆ. ಒಂದೇ ಒಂದು ಜೋಡಿಯ ಮೇಲೆ 24, 48 ಎಂದು ಬರೆಯುವುದು ಬೇಡ, ಇನ್ನೆರಡು ಸಲ ಮಾಡು ಎಂದರು ಮೇಡಂ.

ಎಲೆ ತರಲು ಊರಿಗೆ ಹೋದಾಗ ಮಳೆ ಬಿದ್ದು ಬದುವೆಲ್ಲ ಚಿಗುರಿತ್ತು. "ಹೋದ ಸಲ ಅಷ್ಟೊಂದು ಒಯ್ದಿದ್ದೆ, ಸಾಕಾಗ್ಲಿಲ್ಲೇನೇ?" ಅಂದಳು ಅವ್ವ. ಆಗ ತಂದದ್ದು ಬೇಸಿಗೆಯ ಬಲಿತ ಎಲೆ, ಈಗಿನದು ಎಳೆಯದು. ಕಷಾಯದ ಬಣ್ಣವೇ ಬೇರೆ ಬಂದೀತು. ಚಿಗುರನ್ನು ಒಂದು ಚೀಲಕ್ಕೆ, ಬಲಿತದ್ದನ್ನು ಇನ್ನೊಂದಕ್ಕೆ ಹಾಕಿ, ಎರಡರ ಮೇಲೂ ತಾರೀಖು, ಹೊಲದ ಹೆಸರು ಬರೆದೆ. ಚೀಲ ಹಿಡಿಯಲು ಅವ್ವನೂ ಬದುವಿನ ಮೇಲೆ ಬಂದಳು.