ಟ್ಯಾಕಲ್ ಇಲ್ಲದ ಅಭ್ಯಾಸ, 489 ಗೆಲುವು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪಂದ್ಯ, 489, ಗೆದ್ದ ಕೋಚ್ ಜಾನ್ ಗಲಾರ್ಡಿ. ಮಾಂಟಾನಾದ ಕ್ಯಾರಲ್ ಕಾಲೇಜಿನಲ್ಲಿ ನಾಲ್ಕು ವರ್ಷ, ಆಮೇಲೆ 1953ರಿಂದ 2012ರವರೆಗೆ ಮಿನೆಸೋಟಾದ ಸೇಂಟ್ ಜಾನ್ಸ್‌ನಲ್ಲಿ.

ಅವರ ಅಭ್ಯಾಸದಲ್ಲಿ ಟ್ಯಾಕಲ್ (ಚೆಂಡು ಹಿಡಿದು ಓಡುವವನನ್ನು ತಡೆದು ನೆಲಕ್ಕೆ ಕೆಡವುವುದು) ಇರಲಿಲ್ಲ, ಸೀಟಿಯೂ ಇಲ್ಲ. ಅವಧಿ ಹೆಚ್ಚೆಂದರೆ 90 ನಿಮಿಷ. ವಾರವಿಡೀ ಡಿಕ್ಕಿ ಹೊಡೆದರೆ ಒಳ್ಳೆಯ ಆಟಗಾರನೇ ಗಾಯಗೊಂಡು ಶನಿವಾರದ ಪಂದ್ಯದಲ್ಲಿ ಬೆಂಚಿನಲ್ಲಿ ಕೂರುತ್ತಾನೆ. ಅದರ ಬದಲು ಒಂದೇ ಪ್ಲೇಯನ್ನು (ಮೊದಲೇ ಯೋಜಿಸಿದ ಆಟದ ನಡೆ) ಮತ್ತೆಮತ್ತೆ ಓಡಿಸಿ, ಎದುರಾಳಿಯ ಚಲನೆ ಗುರುತಿಸಿ ಸರಿಯಾದ ಜಾಗಕ್ಕೆ ತಲುಪುವುದನ್ನು ಕಲಿಸುತ್ತಿದ್ದರು. ನನ್ನ ಪ್ರಕಾರ ಟ್ಯಾಕಲ್ ತಪ್ಪುವುದು ಹೆಚ್ಚಾಗಿ ಬಲ ಸಾಲದೆ ಅಲ್ಲ, ತಪ್ಪು ಕೋನದಿಂದ ಹೋಗುವುದರಿಂದ.

ಮೆತ್ತಗಿನ ಅಭ್ಯಾಸ ಎಂದು ಹಗುರವಾಗಿ ಕಾಣುವವರು 2003ರ ಡಿವಿಷನ್ 3 (ಕಾಲೇಜು ಕ್ರೀಡೆಯ ಮೂರನೇ ವಿಭಾಗ) ಫೈನಲ್ ನೋಡಬೇಕು: ಸತತ 55 ಪಂದ್ಯ ಗೆದ್ದಿದ್ದ ಮೌಂಟ್ ಯೂನಿಯನ್ ತಂಡವನ್ನು ಸೇಂಟ್ ಜಾನ್ಸ್ 24-6ರಿಂದ ಸೋಲಿಸಿತು.