ಕೂತು ಬರೆಯೋಕೆ ಬರೋದಿಲ್ಲ, ಗೋಡೆ ಬೇಕು

ನಮ್ಮ ಭಾನುವಾರದ ಗುಂಪು ಹುಟ್ಟಿದ್ದು ಯಾವ ದೊಡ್ಡ ಉದ್ದೇಶದಿಂದಲೂ ಅಲ್ಲ. ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟೇಷನರಿ ಅಂಗಡಿ ಇದೆ, ಜೊತೆಗೊಂದು ಜೆರಾಕ್ಸ್ ಮಷಿನ್. 2020ರಲ್ಲಿ ಶಾಲೆ ಶುರುವಾಗುತ್ತದೆ ಅಂತ ಕಟ್ಟುಗಟ್ಟಲೆ ಡ್ರಾಯಿಂಗ್ ಶೀಟ್ ತರಿಸಿಟ್ಟಿದ್ದೆ. ಶಾಲೆ ತೆರೆಯಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಇಟ್ಟುಕೊಳ್ಳೋದು ಅಂದರೆ ಹಪ್ಪಳ ಇಟ್ಟುಕೊಂಡ ಹಾಗೆ. ಎರಡು ಮಳೆಗಾಲ ಕಳೆದು, ಜನ ಮತ್ತೆ ಒಟ್ಟಿಗೆ ಕೂರುವ ಹಾಗಾದಾಗ ಆ ಶೀಟುಗಳ ಅಂಚು ಹಳದಿಯಾಗಿತ್ತು. ಮಾರುವ ಹಾಗಿಲ್ಲ, ಎಸೆಯೋಕೆ ಮನಸ್ಸಿಲ್ಲ. ಅಂಗಡಿ ಮೇಲಿನ ರೂಮು ಖಾಲಿ ಇತ್ತು. ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ: ‘ಚಿಕ್ಕವರಿದ್ದಾಗ ಏನೋ ಬರೆಯುತ್ತಿದ್ದಿರಿ, ಹಾಡುತ್ತಿದ್ದಿರಿ, ಆಮೇಲೆ ಬಿಟ್ಟಿರಿ. ಅಂಥವರು ಭಾನುವಾರ ಮೂರು ಗಂಟೆಗೆ ಮೇಲೆ ಬನ್ನಿ. ದುಡ್ಡಿಲ್ಲ.’

ಬಂದವರು ಆರು ಜನ. ಈಗ ಒಂಬತ್ತೋ ಹತ್ತೋ ಇದ್ದೇವೆ. ಬಂದವರೆಲ್ಲ ಹೇಳುವ ಮೊದಲ ಮಾತು ಒಂದೇ. ‘ನಂಗೆ ಎಂತದೂ ಬರೋದಿಲ್ಲ, ಸುಮ್ನೆ ನೋಡ್ಕೊಂಡು ಹೋಗ್ತೆ.’

ನಮ್ಮೂರಿನಲ್ಲಿ ಇದಕ್ಕೊಂದು ಕಾರಣ ಇದೆ ಅಂತ ನನಗನ್ನಿಸುತ್ತದೆ. ಇಲ್ಲಿ ಎಲ್ಲವನ್ನೂ ಯಾರ‍್ಯಾರಿಗೋ ವಹಿಸಿ ಆಗಿದೆ. ಗಂಧದ ಕೆತ್ತನೆ ಅಂದರೆ ಗುಡಿಗಾರರದು. ಯಕ್ಷಗಾನ ಅಂದರೆ ಮೇಳದವರದು. ನಾಟಕ ಅಂದರೆ ಪಕ್ಕದ ಹೆಗ್ಗೋಡು ಇದೆಯಲ್ಲ, 1949ರಲ್ಲಿ ಶುರುವಾದ ನೀನಾಸಂ. ತಿರುಗಾಟದ ನಾಟಕ ನೋಡಿ, ರಾತ್ರಿ ಮನೆಗೆ ಬಂದು, ನಟರ ತಪ್ಪು ಒಪ್ಪು ಮಾತಾಡೋಕೆ ನಮಗೆ ಚೆನ್ನಾಗಿ ಬರುತ್ತದೆ. ನೋಡೋದರಲ್ಲಿ ನಾವು ಪಳಗಿದವರು. ಮಾಡೋದು ಮಾತ್ರ ಬೇರೆಯವರ ಕೆಲಸ.

ನಾನು ಹೇಳಹೊರಟಿದ್ದು ಆಷಾಢದ ಒಂದು ಭಾನುವಾರದ ಕಥೆ. ಬೆಳಿಗ್ಗೆಯಿಂದ ಧೋ ಅಂತ ಮಳೆ. ಆದರೂ ಏಳು ಜನ ಬಂದರು. ಮೆಟ್ಟಿಲ ಮೇಲೆ ಕೊಡೆಗಳ ಸಾಲು, ಅವುಗಳಿಂದ ಇಳಿದ ನೀರು ನೇರ ನನ್ನ ಜೆರಾಕ್ಸ್ ಮಷಿನ್ ಕಡೆಗೆ. ಅದನ್ನು ಒರೆಸಿ, ಎಲ್ಲರಿಗೂ ಒಂದೊಂದು ಶೀಟು ಕೊಟ್ಟು, ‘ನೀವು ಹುಟ್ಟಿದ ಮನೆ ಬರೀರಿ’ ಅಂದೆ. ಆ ವಾರ ಅದು ನನ್ನ ಯೋಜನೆ. ಯೋಜನೆ ಮಾಡೋದರಲ್ಲಿ ನಾನು ಜೋರು.

ಅವತ್ತು ಎರಡನೇ ಸಲ ಬಂದಿದ್ದ ಒಬ್ಬ ಅಕ್ಕ ಇದ್ದರು. ಅರವತ್ತರ ಹತ್ತಿರದ ವಯಸ್ಸು. ಸೊರಬ ರಸ್ತೆ ಕಡೆಯ ಹಳ್ಳಿಯವರು, ಈಗ ಪೇಟೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಅರ್ಧ ಗಂಟೆಯಾದರೂ ಅವರ ಶೀಟು ಹಾಗೇ ಬೆಳ್ಳಗಿತ್ತು. ಪೆನ್ಸಿಲ್ ತುದಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಹತ್ತಿರ ಹೋಗಿ, ಬಾಲವಾಡಿ ಟೀಚರ್ ದನಿಯಲ್ಲಿ ಹೇಳಿದೆ: ‘ಏನಾದ್ರೂ ಹಾಕಿ ಅಕ್ಕಾ, ತಪ್ಪಾದರೂ ಪರವಾಗಿಲ್ಲ.’

ಅವರು ತಲೆ ಎತ್ತಿ, ‘ಕೂತು ಬರೆಯೋಕೆ ಬರೋದಿಲ್ಲ ತಂಗೀ. ಗೋಡೆ ಬೇಕು’ ಅಂದರು.

ನನಗೆ ಅರ್ಥವಾಗೋಕೆ ಒಂದು ಗಳಿಗೆ ಬೇಕಾಯಿತು. ಅವರು ನಮ್ಮ ಕಡೆಯ ದೀವರು ಸಮುದಾಯದ ಮನೆಯವರು. ಹಸೆ ಬರೆಯುತ್ತಿದ್ದವರು! ಮದುವೆ ಮನೆಯಲ್ಲಿ ಮದುಮಕ್ಕಳನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರಲ್ಲ, ಅದು. ಕೇಳಿದ ಮೇಲೆ ಒಂದೊಂದಾಗಿ ಹೇಳಿದರು. ಕಪ್ಪಿಗೆ ಅಕ್ಕಿಯನ್ನೇ ಸೀದುಹೋಗುವಷ್ಟು ಹುರಿದು ಅರೆಯೋದು. ಹಳದಿಗೆ ಗುರಿಗೆ ಬೀಜ. ಕುಂಚ ಅಂಗಡಿಯದ್ದಲ್ಲ, ಪುಂಡಿ ನಾರಿನದು. ಬರೆಯುವಾಗ ಜೊತೆಗೆ ಹಾಡು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಕೈ, ಅದೇ ಎಳೆ. ಮತ್ತೆ ಬಿಟ್ಟಿದ್ದು ಯಾಕೆ? ಯಾರೂ ಬೈದಿರಲಿಲ್ಲ, ಬೇಡ ಅಂದಿರಲಿಲ್ಲ. ‘ಮಗ ಮನೆ ಕಟ್ಟಿಸಿ ಪೇಂಟ್ ಹೊಡೆಸಿದ. ಆ ಗೋಡೆಗೆ ಕೆಮ್ಮಣ್ಣು ಹಚ್ಚೋಕೆ ನಂಗೇ ಮನಸ್ಸು ಬರ್ಲಿಲ್ಲ’ ಅಂದರು.

ನಾನು ನನ್ನ ಚೀಟಿಯಲ್ಲಿ ‘ಬಿಟ್ಟಿರಿ’ ಅಂತ ಎಷ್ಟು ಸಲೀಸಾಗಿ ಬರೆದಿದ್ದೆ ನೋಡಿ. ಅವರು ಬಿಟ್ಟಿರಲಿಲ್ಲ. ಮಣ್ಣಿನ ಗೋಡೆ ಅವರನ್ನು ಬಿಟ್ಟು ಹೋಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದಲ್ಲಿ ಅದೇನು ವಿಶೇಷ ಅಲ್ಲ ಬಿಡಿ. ಆದರೆ ಕೆಳಗೆ ಅಂಗಡಿಗೆ ಹೋಗಿ ಮೇಣದ ಬತ್ತಿ ಹುಡುಕುವಾಗ, ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಹಾಳೆಯ ರೋಲು ಕಾಲಿಗೆ ತಾಗಿತು. ಮಬ್ಬು ಬೆಳಕಿನಲ್ಲಿ ಅದು ಹೆಚ್ಚುಕಡಿಮೆ ಕೆಮ್ಮಣ್ಣಿನ ಬಣ್ಣವೇ! ಮೇಲಕ್ಕೆ ಹೊತ್ತು ತಂದು, ಆಳೆತ್ತರದ ಎರಡು ತುಂಡು ಕತ್ತರಿಸಿ ಗೋಡೆಗೆ ಟೇಪ್ ಹಚ್ಚಿದೆವು. ಪಕ್ಕದ ಮನೆಯಿಂದ ಒಂದು ಹಿಡಿ ಅಕ್ಕಿ ಹಿಟ್ಟು ಬಂತು. ಪುಂಡಿ ನಾರು ಎಲ್ಲಿಂದ ತರೋದು? ಅಕ್ಕ ಪಾರ್ಸಲ್ ಕಟ್ಟುವ ಗೋಣಿ ದಾರವನ್ನೇ ಗೇಣುದ್ದ ಕತ್ತರಿಸಿ, ತುದಿಯನ್ನು ತೂಕದ ಕಲ್ಲಿನಿಂದ ಜಜ್ಜಿದರು. ಎಳೆ ಬಿಚ್ಚಿಕೊಂಡು ಸಣ್ಣ ಕುಂಚ ಆಯಿತು.

ಮೊದಲ ಗೆರೆ ನಡುಗಿತು. ಎರಡನೆಯದೂ ಅಷ್ಟೇ. ಮೂರನೆಯದು ಮೊಳದುದ್ದ, ದಾರ ಹಿಡಿದು ಎಳೆದ ಹಾಗೆ ನೇರ. ಆಮೇಲೆ ಅವರು ನಮ್ಮನ್ನು ಮರೆತರು. ಎಳೆಯ ಪಕ್ಕ ಎಳೆ, ನಡುವೆ ಸಣ್ಣ ಸಣ್ಣ ಗೊಂಬೆಗಳು. ಸ್ಕೇಲಿಲ್ಲ, ಅಳತೆಯಿಲ್ಲ.

ನಾನು ಮಾಡಬಾರದ್ದನ್ನು ಮಾಡಿದೆ. ಮೊಬೈಲ್ ತೆಗೆದು, ಟಾರ್ಚ್ ಹಾಕಿ, ವಿಡಿಯೋ ಶುರು ಮಾಡಿ, ‘ಅಬ್ಬಾ! ಎಷ್ಟು ಚಂದ!’ ಅಂತ ಕೂಗಿದೆ. ಉಳಿದವರೂ ಚಪ್ಪಾಳೆ ತಟ್ಟಿದರು. ಕೈ ನಿಂತಿತು. ಹಿಟ್ಟು ಕುಂಚದಿಂದ ತೊಟ್ಟಿಕ್ಕಿತು. ಅವರು ತಿರುಗದೆಯೇ ಹೇಳಿದರು: ‘ಎಲ್ಲಾರೂ ನೋಡ್ತಾ ನಿಂತ್ರೆ ಎಳೆ ಸೊಟ್ಟ ಹೋಗ್ತದೆ. ಮದುವೆ ಮನೇಲಿ ಯಾರೂ ಹಿಂಗೆ ನಿಂತು ನೋಡ್ತಿರ್ಲಿಲ್ಲ. ಒಬ್ರು ಅಡುಗೆಗೆ, ಒಬ್ರು ಚಪ್ಪರಕ್ಕೆ. ನೀವೂ ಎಂತಾದ್ರೂ ಮಾಡಿ.’

ಎಂತ ಮಾಡಲಿ? ಅಷ್ಟು ತಿಂಗಳು ಗುಂಪು ನಡೆಸಿದ ನಾನು ಒಂದು ದಿನವೂ ಶೀಟು ಹಿಡಿದು ಕೂತಿರಲಿಲ್ಲ. ಚಹಾ ತರಿಸೋದು, ಪೆನ್ಸಿಲ್ ಹೆರೆದು ಕೊಡೋದು, ‘ಚೆನ್ನಾಗಿದೆ’ ಅನ್ನೋದು, ಇಷ್ಟೇ ನನ್ನ ಕೆಲಸ. ಬೇರೆಯವರ ಹಿಂಜರಿಕೆ ಬಿಡಿಸುವ ಗಡಿಬಿಡಿಯಲ್ಲಿ ನನ್ನದನ್ನು ಯಾರೂ ಕೇಳದ ಹಾಗೆ ನೋಡಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಒಂದು ಕಾಲದಲ್ಲಿ ನನ್ನ ಅಕ್ಷರ ನೋಡಿ ಜನ ಬೋರ್ಡ್ ಬರೆಸಿಕೊಳ್ಳುತ್ತಿದ್ದರು, ಮದುವೆ ಕಾಗದಕ್ಕೆ ವಿಳಾಸ ಬರೆಸುತ್ತಿದ್ದರು. ಅಂಗಡಿಗೆ ಕಂಪ್ಯೂಟರ್ ತಂದ ಮೇಲೆ ‘ಉದ್ರಿ ಇಲ್ಲ’ ಅನ್ನೋದನ್ನೂ ಪ್ರಿಂಟ್ ತೆಗೆದು ಅಂಟಿಸಿದ್ದೇನೆ.

ಗೋಣಿ ದಾರದ ಇನ್ನೊಂದು ತುಂಡು ಜಜ್ಜಿಕೊಂಡೆ. ಎರಡನೇ ಹಾಳೆಯ ಮುಂದೆ ನಿಂತೆ. ಆದರೆ ಬರೆಯೋದು ಏನನ್ನು?

ಮೂಲೆಯಲ್ಲಿ ನಮ್ಮ ಕಂಡಕ್ಟರ್ ಮಾವ ಕೂತಿದ್ದರು. ಶಿವಮೊಗ್ಗ ಲೈನಿನ ಬಸ್ಸಿನಲ್ಲಿ ಆಯುಷ್ಯ ಕಳೆದವರು, ‘ಟಿಕೆಟ್ ಹರಿಯೋದು ಬಿಟ್ಟು ಬೇರೆ ಗೊತ್ತಿಲ್ಲ’ ಅನ್ನುವವರು. ‘ಮಾವಾ, ಏನಾದ್ರೂ ಹೇಳಿ, ಬರೀತೇನೆ’ ಅಂದೆ. ಅವರು ಗಂಟಲು ಸರಿಮಾಡಿಕೊಂಡು, ಬಾಗಿಲ ಕಂಬಿ ಹಿಡಿದವರ ಹಾಗೆ ಒಂದು ಕೈ ಮೇಲೆತ್ತಿ, ಶುರು ಮಾಡಿಯೇ ಬಿಟ್ಟರು: ‘ಆನಂದ್‌ಪುರ, ಚೋರ‍್ಡಿ, ಕುಂಸೀ, ಆಯ್ನೂರ್, ಶಿಮೊಗಾ ಶಿಮೊಗಾ ಶಿಮೊಗಾ...’ ಕೊನೆಯದರಲ್ಲಿ ದನಿ ಮೇಲೆ ಹೋಗಿ, ತಿರುವಿನಲ್ಲಿ ಬಸ್ಸು ವಾಲಿದ ಹಾಗೆ ಕೆಳಗಿಳಿಯಿತು. ರೂಮಿನಲ್ಲಿ ಯಾರೂ ನಗಲಿಲ್ಲ. ಮತ್ತೊಮ್ಮೆ ಹೇಳಿದರು. ಮೂರನೇ ಸಲಕ್ಕೆ ಅಕ್ಕನ ಕುಂಚ ಆ ಲಯಕ್ಕೇ ಓಡುತ್ತಿತ್ತೋ, ನನಗೇ ಹಾಗೆ ಕಂಡಿತೋ.

ನಾನು ಊರುಗಳ ಹೆಸರು ಬರೆದೆ. ‘ಆ’ ದುಂಡಗೆ ಬಂತು. ‘ಚೋ’ದ ದೀರ್ಘ ಜಾಸ್ತಿ ಉದ್ದವಾಯಿತು. ಶಿವಮೊಗ್ಗದ ‘ಗ್ಗ’ ಬರೆಯುವ ಹೊತ್ತಿಗೆ ಕರೆಂಟು ಬಂತು, ಆದರೂ ಬತ್ತಿ ಆರಿಸೋಕೆ ಯಾರೂ ಏಳಲಿಲ್ಲ.

ಮುಂದಿನ ಭಾನುವಾರ ಬಾಗಿಲು ತೆಗೆದರೆ ಥಂಡಿಗೆ ಹಾಳೆ ಸುರುಳಿ ಸುತ್ತಿಕೊಂಡಿತ್ತು. ಹಿಟ್ಟಿನ ಮೇಲೆ ಅಲ್ಲಲ್ಲಿ ಬೂಸ್ಟು. ನನಗೆ ಅಳುವೇ ಬಂತು. ಅಕ್ಕ ನೋಡಿ ನಕ್ಕರು. ‘ಅದಕ್ಕೆಂತ ತಂಗೀ? ಮುಂದಿನ ಮದುವೆಗೆ ಹ್ಯಾಂಗೂ ಸಾರಿಸಿ ಹೊಸತು ಬರೀತಿದ್ವಿ’ ಅಂದು, ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಹಳ್ಳಿಯಿಂದ ತರಿಸಿದ ಪುಂಡಿ ನಾರು ಇತ್ತು, ಎಲ್ಲರಿಗೂ ಆಗುವಷ್ಟು.

ಹಳೇ ಹಾಳೆ ತೆಗೆಯುವಾಗ ಟೇಪಿನ ಜೊತೆ ಗೋಡೆಯ ಪೇಂಟೂ ಅಂಗೈಯಗಲ ಕಿತ್ತು ಬಂತು. ಕಟ್ಟಡದ ಮಾಲೀಕರಿಗೆ ಇನ್ನೂ ಹೇಳಿಲ್ಲ. ಸದ್ಯಕ್ಕೆ ಅದರ ಮೇಲೆ ಹೊಸ ಖಾಕಿ ಹಾಳೆ ಅಂಟಿಸಿದ್ದೇವೆ.