ಏಪ್ರಿಲ್ 5, 2025, ಶನಿವಾರ: ಹೊಗೆ, ಫುಟಿ, ನಮ್ ರಾಹುಲ್

ಬೆಳಗ್ಗೆಯಿಂದ ಮನಸ್ಸಲ್ಲಿ ಕೊರೀತಾನೇ ಇದೆ, ಬರೆದು ಹಾಕಿದ್ರೆ ನಿದ್ದೆನಾದ್ರೂ ಬರುತ್ತೆ.

ಇವತ್ತು ಇಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಮೆಲ್ಬರ್ನ್ ಹತ್ರದ ನಮ್ಮೂರಲ್ಲಿ, ಮಗ ಪುಟ್ಟನ ಅಂಡರ್-10 ಫುಟಿ (ಇಲ್ಲಿನ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್) ಪ್ರಾಕ್ಟೀಸ್ ಅರ್ಧಕ್ಕೇ ನಿಂತೋಯ್ತು. ಗುಡ್ಡದ ಕಡೆ ಕಾಡಲ್ಲಿ ಪ್ಲಾನ್ಡ್ ಬರ್ನ್ (ಬೇಸಿಗೇಲಿ ದೊಡ್ಡ ಬೆಂಕಿ ಆಗ್ದಿರ್ಲಿ ಅಂತ ಮುಂಚೆನೇ ತರಗು ಸುಡೋದು) ಮಾಡಿದ್ರು, ರಾತ್ರಿಯೆಲ್ಲ ಹೊಗೆ ಇಳ್ಕೊಂಡು ಬಂದು ಓವಲ್ ಮೈದಾನದ ಮೇಲೆ ಕೂತ್ಬಿಟ್ಟಿತ್ತು, ಈ ತುದೀಲಿ ನಿಂತ್ರೆ ಆ ತುದಿ ಗೋಲ್ ಪೋಸ್ಟ್ ನಾಲ್ಕೂ ಮಬ್ಬು ಮಬ್ಬು. ಒಂದಿಬ್ರು ಕೆಮ್ಮೋಕೆ ಶುರು ಮಾಡಿದ್ರು, ಪಫರ್ (ಆಸ್ತಮಾ ಇನ್ಹೇಲರ್) ತಗೊಳ್ಳೋ ಮಕ್ಕಳೆಲ್ಲ ಹೊರಗೆ ಬನ್ನಿ ಅಂದ್ರು ಕೋಚು, ಆಮೇಲೆ ಎಲ್ರನ್ನೂ ಮನೆಗೆ ಕಳ್ಸಿದ್ರು. ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ. ಮನೆಗೆ ಬರೋಷ್ಟ್ರಲ್ಲಿ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಜಗಳ ಹತ್ಕೊಂಡಿತ್ತು. ವೀಕೆಂಡ್ ಹತ್ರಾನೇ ಸುಡ್ಬೇಕಿತ್ತಾ ಇವ್ರಿಗೆ, ವಾರದ ಮಧ್ಯೆ ಏನಾಗಿತ್ತು, ಒಣಗಿಸಿದ ಬಟ್ಟೆ ಎಲ್ಲಾ ವಾಸನೆ, ಎಂಎಲ್ಎಗೆ ಬರೀತೀನಿ, ಹೀಗೆ. ನಮ್ಮೋರೂ ಇದಾರೆ ಅದ್ರಲ್ಲಿ, ಬೆಂಗಳೂರಿನೋರು ಹೈದರಾಬಾದ್‌ನೋರು ಎಲ್ಲಾ.

ನಂಗೆ ತಡೆಯೋಕಾಗ್ಲಿಲ್ಲ, ಉದ್ದಕ್ಕೆ ಬರೆದೆ. ಸುಡೋ ದಿನಾನ ಕ್ಯಾಲೆಂಡರ್ ನೋಡಿ ಆರಿಸೋದಲ್ಲ, ಗಾಳಿ ನೋಡಿ ಆರಿಸೋದು. ಮಾರ್ಚಿಂದ ಮೇವರೆಗೆ ಸಿಗೋ ಕೆಲವೇ ದಿನ, ಅದ್ರಲ್ಲೂ ಮಳೆ ಬಿದ್ರೆ ಹತ್ಕೊಳಲ್ಲ, ಜಾಸ್ತಿ ಒಣಗಿದ್ರೆ ಕೈಗೆ ಸಿಗಲ್ಲ, ಗಾಳಿ ಎದ್ರೆ ಮುಗೀತು. ಗಾಳಿ ಸುಮ್ನಿರೋ ದಿನಾನೇ ಬೇಕು ಅವ್ರಿಗೆ, ಅದೇ ಸುಮ್ನಿರೋ ಗಾಳಿಯಿಂದಾನೇ ಹೊಗೆ ಮೇಲಕ್ಕೆ ಹೋಗ್ದೆ ತಗ್ಗಲ್ಲಿ ನಿಂತ್ಕೊಳ್ಳೋದು. ಹೊಗೆ ಬೇಡ ಅಂದ್ರೆ ಗಾಳಿ ಇರೋ ದಿನ ಸುಡ್ಬೇಕು, ಅದನ್ನ ಯಾರೂ ಕೇಳ್ಬಾರ್ದು. ಪುಟ್ಟಂಗೂ ವೀಝಿಂಗ್ ಇದೆ, ಹೊಗೆ ಅಂದ್ರೆ ನಂಗೂ ಭಯಾನೇ, ಕಿಟಕಿ ಮುಚ್ಚಿ ಏರ್ ಪ್ಯೂರಿಫೈಯರ್ ಹಾಕಿ ಒಳಗೇ ಕೂರಿಸಿದೀನಿ, ಆದ್ರೂ ಇದು ಬೇಕು ಅಂತಾನೇ ಬರೆದೆ. ಯಾರೋ ಒಬ್ರು ಥಂಬ್ಸ್ ಅಪ್ ಹಾಕಿದ್ರು. ಉಳ್ದೋರು ಮುಂದಿನ ಶನಿವಾರದ ಕ್ಯಾಂಟೀನ್ ಡ್ಯೂಟಿ ಲಿಸ್ಟ್ ಮಾತಾಡೋಕೆ ಶುರು ಮಾಡಿದ್ರು.

ಇಷ್ಟು ಬರೆಯೋ ಧೈರ್ಯ ಬಂದಿದ್ದು ಬೆಳಗ್ಗೆ ಪಿಚ್ ತಾತ ಸಿಕ್ಕಿದ್ರಿಂದ. ನಿಮ್ಗೆಲ್ಲ ಗೊತ್ತಲ್ಲ ಅವ್ರು, ಬೇಸಿಗೇಲಿ ನಮ್ಮ ಕ್ಲಬ್ಬಿನ ಸ್ಕೋರರ್, ಚಳಿಗಾಲದಲ್ಲಿ ಬಿಳಿ ಬಾವುಟ ಹಿಡಿಯೋ ಗೋಲ್ ಅಂಪೈರ್, ವರ್ಷವಿಡೀ ಸಿಎಫ್ಎ (ಇಲ್ಲಿನ ಹಳ್ಳಿ ಕಡೆ ಅಗ್ನಿಶಾಮಕ ದಳ) ವಾಲಂಟಿಯರ್. ಕ್ರಿಕೆಟ್ ಸೀಸನ್ ಮುಗೀತಲ್ಲ, ಓವಲ್ ಮಧ್ಯದ ಸಿಂಥೆಟಿಕ್ ಪಿಚ್ ಮೇಲೆ ಹಾಸಿರೋ ಮಣ್ಣನ್ನ ಕಾಲಲ್ಲಿ ತುಳಿದು ತುಳಿದು ನೋಡ್ತಿದ್ರು, ಮಕ್ಕಳು ಬಿದ್ರೆ ಮಂಡಿ ಕಿತ್ತೋಗಬಾರದಲ್ಲ. ಹೊಗೆ ಬಗ್ಗೆ ಎಲ್ಲಾ ಬೈತಿದಾರೆ ಅಂದೆ. ಬೈಲಿ ಬಿಡಮ್ಮ, ಏಪ್ರಿಲಲ್ಲಿ ಬೈದ್ರೆ ನಂಗೆ ಬೇಜಾರಿಲ್ಲ, ಫೆಬ್ರವರಿ ಬೇಸಿಗೆ ಬೆಂಕೀಲಿ ಅತ್ತೋರನ್ನ ನೋಡಿದೀನಿ ಅಂದ್ರು.

ಆಮೇಲೆ ಪುಟ್ಟನ್ನ ಕರ್ಕೊಂಡು ಬೇಲಿ ಹಿಂದೆ ಹೋದ್ರು, ಅಲ್ಲಿ ಗಮ್ (ನೀಲಗಿರಿ ಜಾತಿ) ಮರಗಳ ಸಾಲಿದೆಯಲ್ಲ ಅಲ್ಲಿಗೆ. ನೆಲಕ್ಕೆ ಬೆರಳು ಚುಚ್ಚು ಅಂದ್ರು. ಪುಟ್ಟ ಚುಚ್ಚಿದ, ಬೆರಳು ಪೂರ್ತಿ ಒಳಗೆ ಹೋಯ್ತು, ಮಣ್ಣೇ ಸಿಗ್ಲಿಲ್ಲ. ಬರೀ ಎಲೆ, ಕಡ್ಡಿ, ತೊಗಟೆ ಚೂರು. ಅಲ್ಲೇ ಒಂದು ಸ್ಟ್ರಿಂಗಿಬಾರ್ಕ್ ಮರದಿಂದ ತೊಗಟೆ ಎಳೆದು ಅವನ ಕೈಗೆ ಕೊಟ್ರು, ನಾರು ನಾರಾಗಿ ಬಂತು, ಮುದುರಿದ್ರೆ ತೂಕಾನೇ ಇಲ್ಲ. ಇದಕ್ಕೆ ಬೆಂಕಿ ಹತ್ತಿ ಗಾಳೀಲಿ ಹಾರಿದ್ರೆ ಕಿಲೋಮೀಟರ್‌ಗಟ್ಲೆ ಮುಂದೆ ಹೋಗಿ ಬೀಳುತ್ತೆ, ಅಲ್ಲಿ ಹೊಸ ಬೆಂಕಿ, ಅದ್ಕೆ ಮರದ ಬುಡದಲ್ಲಿ ಸಣ್ಣ ಬೆಂಕಿ ಓಡಿಸಿ ಕಾಂಡದ ಕೆಳಗಿನ ನಾರು ಕರಕಲು ಮಾಡ್ತೀವಿ ಅಂತ ಹೇಳಿಕೊಟ್ರು. ಡ್ರಿಪ್ ಟಾರ್ಚ್ (ಉರಿಯೋ ಎಣ್ಣೆ ತೊಟ್ಟಿಕ್ಕಿಸೋ ಡಬ್ಬ) ಹೇಗೆ ಹಿಡಿಯೋದು, ಜ್ವಾಲೆ ಮೊಣಕಾಲು ದಾಟ್ಬಾರ್ದು, ಆಮೇಲೆ ಅಂಚಿನುದ್ದಕ್ಕೂ ಹೊಗೆಯಾಡೋ ದಿಮ್ಮಿಗಳನ್ನ ಹುಡುಕಿ ನೀರು ಹೊಡೆದು ಕೆದಕಿ ಆರಿಸ್ಬೇಕು, ಅದೇ ದೊಡ್ಡ ಕೆಲ್ಸ, ರಾತ್ರಿಯೆಲ್ಲ. ಪುಟ್ಟ ಆ ತೊಗಟೆನ ಜೇಬಲ್ಲಿ ಇಟ್ಕೊಂಡು ಬಂದಿದಾನೆ, ವಾಷಿಂಗ್ ಮೆಷಿನ್‌ಗೆ ಹಾಕೋ ಮುಂಚೆ ತೆಗೀಬೇಕು.

2009ರ ಫೆಬ್ರವರಿ 7, ಬ್ಲ್ಯಾಕ್ ಸ್ಯಾಟರ್‌ಡೇ ಅಂತಾರಲ್ಲ, ಆ ಶನಿವಾರ ಏನಾಯ್ತು ಅಂತ ಈ ಕಡೆ ಹೊಸದಾಗಿ ಮನೆ ತಗೊಂಡಿರೋ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. ಕಿಲ್ಮೋರ್ ಈಸ್ಟ್‌ನಲ್ಲಿ ಕರೆಂಟ್ ವೈರ್ ತುಂಡಾಗಿ ಹತ್ತಿದ ಬೆಂಕಿ ಒಂದ್ರಲ್ಲೇ 119 ಜನ, ಒಟ್ಟು 173 ಜನ ಹೋದ್ರು, ಎರಡು ಸಾವಿರಕ್ಕೂ ಜಾಸ್ತಿ ಮನೆ. ಸಂಜೆ ಗಾಳಿ ದಿಕ್ಕು ಬದ್ಲಾಯ್ತು, ಅಲ್ಲಿವರೆಗೆ ಉದ್ದಕ್ಕೆ ಓಡ್ತಿದ್ದ ಬೆಂಕಿಯ ಪಕ್ಕೆ ಪೂರ್ತಿ ಮುಂಭಾಗ ಆಗಿ ಕಿಂಗ್‌ಲೇಕ್ ಗುಡ್ಡ ಹತ್ತಿಬಿಡ್ತು. ಮನೆ ಕಳ್ಕೊಂಡೋರು ಇಳಿದು ಬಂದಿದ್ದು ನಮ್ಮ ವಿಟಲ್‌ಸೀಗೇ. ಆ ಕಡೆ ಮೇರಿಸ್‌ವಿಲ್‌ನಲ್ಲಿ ಜನ ಸೇರಿದ್ದು ಊರಿನ ಓವಲ್ಲಿಗೆ, ಅಲ್ಲಿಂದ ಪೊಲೀಸ್ರು ಕಾರುಗಳ ಸಾಲು ಮಾಡಿ ಕರ್ಕೊಂಡು ಹೋದ್ರು. ಇವತ್ತಿಗೂ ಎಷ್ಟೋ ಊರಲ್ಲಿ ಬೇರೆಲ್ಲೂ ಹೋಗೋಕಾಗ್ದೆ ಇದ್ರೆ ಕೊನೇಗೆ ಇಲ್ಲಿಗೆ ಬನ್ನಿ ಅಂತ ಬೋರ್ಡ್ ಹಾಕಿರೋದು ಓವಲ್ಲಿಗೇ. ನಾವು ಕ್ರಿಕೆಟ್ಟಲ್ಲಿ ಬೌಂಡ್ರಿ, ಫುಟೀಲಿ ಬಿಹೈಂಡು (ಒಂದು ಪಾಯಿಂಟು) ಅಂತ ಕೂಗೋ ಹುಲ್ಲೇ ಅದು. ಅದಕ್ಕೇ ಓವಲ್ ಸುತ್ತ ಹುಲ್ಲು ಕತ್ತರಿಸೋಕೆ ಯಾರೂ ಬರಲ್ಲ ಅಂತ ಮೀಟಿಂಗಲ್ಲಿ ಕೇಳಿದಾಗೆಲ್ಲ ನಂಗೆ ಸಿಟ್ಟು ಬರೋದು.

ಅಯ್ಯೋ, ಟಿವೀಲಿ ಐಪಿಎಲ್ ಓಡ್ತಿದೆ, ನಮ್ ಕೆ.ಎಲ್. ರಾಹುಲ್ ಐವತ್ತು ದಾಟಿದಾನೆ! ಚೆನ್ನೈನಲ್ಲಿ ಮಧ್ಯಾಹ್ನದ ಮ್ಯಾಚು, ಇಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಗಿದ್ದು. ಮೆಲ್ಬರ್ನ್ ಹುಡುಗ ಫ್ರೇಸರ್-ಮೆಕ್‌ಗರ್ಕ್ ಮೊದಲ ಓವರಲ್ಲೇ ಸೊನ್ನೆಗೆ ಹೋದ, ನಮ್ ಹುಡುಗ ನಿಂತಿದಾನೆ. ಆರ್‌ಸಿಬಿ ಬಿಟ್ಟು ಡೆಲ್ಲೀಲಿ ಆಡ್ತಿದಾನಲ್ಲ ಅನ್ನೋ ಸಂಕಟ ಇದ್ದೇ ಇದೆ, ಬುಧವಾರ ಚಿನ್ನಸ್ವಾಮೀಲಿ ಗುಜರಾತ್ ಮೇಲೆ ಸೋತಿದ್ದಿನ್ನೂ ಆರಿಲ್ಲ.

ಕ್ರಿಕೆಟ್ ಅಂದಾಗ ಹೋದ ಡಿಸೆಂಬರ್ ನೆನಪಾಗುತ್ತೆ. 26ಕ್ಕೆ ನಾನು, ಇವ್ರು, ಪುಟ್ಟ ಇಂಡಿಯಾ ಟೆಸ್ಟ್ ನೋಡೋಕೆ ಎಂಸಿಜಿಲಿದ್ವಿ, 87 ಸಾವಿರ ಜನ, ಹತ್ತೊಂಬತ್ತರ ಆ ಕಾನ್ಸ್ಟಾಸ್ ಬುಮ್ರಾನ್ನೇ ಸ್ಕೂಪ್ ಮಾಡ್ತಿದ್ದ, ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಅದೇ ಬಿಸಿಲಲ್ಲಿ, ಅದೇ ರಾಜ್ಯದಲ್ಲಿ, ಗ್ರಾಂಪಿಯನ್ಸ್ ಬೆಟ್ಟಸಾಲು ಉರೀತಿತ್ತು. ಮೊಬೈಲಲ್ಲಿ ವಿಕ್‌ಎಮರ್ಜೆನ್ಸಿ ಆ್ಯಪ್ ಟಿಂಗ್ ಟಿಂಗ್ ಅಂತಾನೇ ಇತ್ತು, ನಮ್ಮ ಮುಂದಿನ ಸೀಟಲ್ಲಿ ಒಬ್ಬಾಕೆ ಮ್ಯಾಚ್ ನೋಡ್ದೆ ಮ್ಯಾಪ್ ನೋಡ್ತಾ ಕೂತಿದ್ಲು. ಆ ಬೆಂಕಿ 75 ಸಾವಿರ ಹೆಕ್ಟೇರ್‌ಗೂ ಜಾಸ್ತಿ ನುಂಗ್ತು. ಪಕ್ಕದ ಪೊಮೊನಲ್‌ನಲ್ಲಿ ಅದೇ ವರ್ಷ ಫೆಬ್ರವರಿಯಲ್ಲಿ 40ಕ್ಕೂ ಹೆಚ್ಚು ಮನೆ ಹೋಗಿದ್ವು.

ಬೆಂಕಿ ಬಂದ್ಮೇಲೆ ನಮ್ಮ ಆಟಗಳೆಲ್ಲ ಕೈ ಜೋಡಿಸ್ತವೆ, ಅದನ್ನ ನಾನು ಹೆಮ್ಮೆಯಿಂದ ಹೇಳ್ತೀನಿ. 2019ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಮನುಕಾ ಓವಲಲ್ಲಿ ಬಿಗ್ ಬ್ಯಾಷ್ ಮ್ಯಾಚೇ ಹೊಗೆಗೆ ನಿಂತೋಗಿತ್ತು, ಆ ಬೇಸಿಗೇಲೇ ವಾರ್ನ್ ತನ್ನ ಬ್ಯಾಗಿ ಗ್ರೀನ್ ಟೋಪಿ ಹರಾಜಿಗಿಟ್ಟು ಬೆಂಕಿ ಪರಿಹಾರಕ್ಕೆ ಹತ್ತು ಲಕ್ಷ ಡಾಲರ್ ದಾಟಿಸಿದ, ಜಂಕ್ಷನ್ ಓವಲಲ್ಲಿ ಪರಿಹಾರದ ಮ್ಯಾಚಲ್ಲಿ ಸಚಿನ್ ಪ್ಯಾಡ್ ಕಟ್ಕೊಂಡು ಬಂದು ಎಲಿಸ್ ಪೆರ್ರಿಯ ಮೊದಲ ಬಾಲ್‌ನೇ ಫೋರ್ ಹೊಡೆದಾಗ ಟಿವಿ ಮುಂದೆ ಅತ್ತಿದೀನಿ ನಾನು. ಫುಟಿನೋರೂ ಅಷ್ಟೇ, ಸ್ಟೇಟ್ ಆಫ್ ಒರಿಜಿನ್ ಅಂತ ವಿಶೇಷ ಮ್ಯಾಚ್ ಇಟ್ಟು ಮಾರ್ವೆಲ್ ಸ್ಟೇಡಿಯಂ ತುಂಬಿಸಿದ್ರು. ಬೆಂಕಿ ಆದ್ಮೇಲೆ ಕೊಡೋ ಕೈ ದೊಡ್ಡದು ಈ ದೇಶದಲ್ಲಿ. ಬೆಂಕಿಗೆ ಮುಂಚೆ ಮಾಡೋ ಕೆಲಸಕ್ಕೆ ಚಪ್ಪಾಳೆ ಇಲ್ಲ. ಹೆಲಿಕಾಪ್ಟರ್ ನೀರು ಸುರಿಯೋದು ನ್ಯೂಸಲ್ಲಿ ಬರುತ್ತೆ, ಏಪ್ರಿಲಲ್ಲಿ ಎಪ್ಪತ್ತು ದಾಟಿದ ತಾತ ರಾತ್ರಿಯೆಲ್ಲ ದಿಮ್ಮಿ ಆರಿಸೋದು ಬರಲ್ಲ.

ಹಂಗಂತ ಸುಟ್ಟಿದ್ದೆಲ್ಲ ಸರಿ ಅಂತಲ್ಲ. ಬ್ಲ್ಯಾಕ್ ಸ್ಯಾಟರ್‌ಡೇ ಆದ್ಮೇಲೆ ರಾಯಲ್ ಕಮಿಷನ್ (ಸರ್ಕಾರಿ ತನಿಖಾ ಆಯೋಗ) 67 ಶಿಫಾರಸು ಕೊಡ್ತು, ಅದ್ರಲ್ಲಿ ಒಂದು, ಸರ್ಕಾರಿ ಭೂಮಿಯ ಕನಿಷ್ಠ ಶೇ. 5ರಷ್ಟನ್ನ ಪ್ರತಿ ವರ್ಷ ಸುಡಿ ಅಂತ. ಕೇಳೋಕೆ ಚೆನ್ನಾಗಿತ್ತು. ಹೆಕ್ಟೇರ್ ಲೆಕ್ಕ ಕೇಳಿದ್ರೆ ಏನಾಗುತ್ತೆ, ಊರು ಮನೆ ಇಲ್ದಿರೋ ಕಡೆ ದೊಡ್ಡ ದೊಡ್ಡ ತುಂಡು ಸುಟ್ಟು ನಂಬರ್ ಮುಟ್ಟಿಸೋದು ಸುಲಭ, ನಮ್ಮ ಗುಡ್ಡದಂಥ ಜಾಗದಲ್ಲಿ, ಮನೆ ಮಧ್ಯೆ, ಸಣ್ಣ ಸಣ್ಣ ತುಂಡು ಸುಡೋದು ಕಷ್ಟ. ವೀಕ್ ಬೌಲಿಂಗ್ ಮೇಲೆ ಡಬಲ್ ಸೆಂಚುರಿ ಹೊಡೆದು ಆವರೇಜ್ ಏರಿಸ್ಕೊಂಡ ಬ್ಯಾಟ್ಸ್‌ಮನ್ ಪರ್ತ್‌ಗೆ ಬಂದಾಗ ಗೊತ್ತಾಗುತ್ತಲ್ಲ, ಹಾಗೆ. 2015ರಲ್ಲಿ ಸರ್ಕಾರ ಆ ಹೆಕ್ಟೇರ್ ಟಾರ್ಗೆಟ್ ಬಿಟ್ಟು ಜನಕ್ಕಿರೋ ಅಪಾಯ ಎಷ್ಟು ಕಮ್ಮಿಯಾಗುತ್ತೆ ಅನ್ನೋ ಲೆಕ್ಕಕ್ಕೆ ಬಂತು, ನನ್ನ ಪ್ರಕಾರ ಅದೇ ಸರಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಲ್ಯಾನ್ಸ್‌ಫೀಲ್ಡ್ ಹತ್ರ ಪ್ಲಾನ್ಡ್ ಬರ್ನ್ ಕೈ ತಪ್ಪಿ ನಾಲ್ಕು ಮನೆ ಸುಟ್ಟೋಯ್ತು, ಅದನ್ನೂ ಮರೀಬಾರ್ದು. ಇನ್ನು ಪ್ರತಿ ಬೆಂಕಿ ಆದ್ಮೇಲೂ ಟಿವೀಲಿ ಶುರುವಾಗುತ್ತಲ್ಲ, ಒಬ್ರು ಎಲ್ಲಾ ಸುಡ್ಲಿಲ್ಲ ಅದ್ಕೆ ಅಂತಾರೆ, ಇನ್ನೊಬ್ರು ಎಲ್ಲಾ ಹವಾಮಾನ ಬದಲಾವಣೆ ಅಂತಾರೆ, ಕಾಲಿಂಗ್‌ವುಡ್ ಕಾರ್ಲ್ಟನ್ ಫುಟಿ ಟೀಮ್ ಫ್ಯಾನ್ಸ್ ಥರ ಕಿತ್ತಾಡ್ತಾರೆ, ಎರಡೂ ನಿಜ ಅಂತ ಒಬ್ರೂ ಒಪ್ಪಲ್ಲ. ತಾತನೇ ಹೇಳಿದ್ರು, 46 ಡಿಗ್ರಿ ದಿನ ನೀನು ಏನೇ ಸುಟ್ಟಿದ್ರೂ ಬೆಂಕಿ ದಾಟುತ್ತೆ, ಆ ದಿನ ಮುಂಚೆನೇ ಮನೆ ಬಿಟ್ಟು ಹೋಗೋದೇ ಪ್ಲಾನು, ಉಳಿದ ದಿನಗಳಲ್ಲಿ ಸುಟ್ಟ ಜಾಗ ನಮ್ಗೆ ಸ್ವಲ್ಪ ಟೈಮ್ ಕೊಡುತ್ತೆ ಅಂತ.

ಸಂಜೆ ಯಳಂದೂರಿಗೆ ಫೋನ್ ಮಾಡಿದ್ದೆ. ಅಮ್ಮಂಗೆ ಹೊಗೆ ವಿಷ್ಯ ಹೇಳಿದ್ರೆ ಆಶ್ಚರ್ಯನೇ ಇಲ್ಲ. ನಿಮ್ಮಜ್ಜಿ ಕಾಲದಲ್ಲಿ ಬೆಟ್ಟದಲ್ಲಿ ಸೋಲಿಗ್ರು ತರಗು ಬೆಂಕಿ ಹಾಕ್ತಿದ್ರು ಕನವ್ವ, ಚಳಿ ಬಿಡೋ ಹೊತ್ಗೆ, ಸಣ್ಣಗೆ ಉರ್ಕೊಂಡು ಹೋಗೋದು, ದೊಡ್ಡ ಮರಕ್ಕೆ ಏನೂ ಆಗ್ತಿರ್ಲಿಲ್ಲ, ನಂತ್ರ ಫಾರೆಸ್ಟ್‌ನೋರು ಬಿಡ್ಲಿಲ್ಲ, ಈಗ ನೋಡು ಎಲ್ಲಿ ನೋಡಿದ್ರೂ ಲಂಟಾನ ಅಂದ್ರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆದ್ಮೇಲಿನ ಮಾತು ಅದು. ಇಲ್ಲೂ ಅದೇ ಕಥೆ, ಸಾವಿರಾರು ವರ್ಷ ತಣ್ಣನೆ ಬೆಂಕಿ ಹಾಕ್ಕೊಂಡು ಬಂದ ಮೂಲನಿವಾಸಿಗಳನ್ನ ಓಡಿಸಿ, ಈಗ ಬೆಂಡಿಗೋ ಕಡೆ ಜಾ ಜಾ ವುರ್ರಂಗ್ ಜನರ ಜೊತೆ ಸೇರಿ ಮತ್ತೆ ಶುರು ಮಾಡಿದಾರೆ. ಅಮ್ಮನಂಥೋರನ್ನ ಆ ಕಮಿಷನ್‌ಗಳ ಮುಂದೆ ಕೂರಿಸ್ಬೇಕು ಅನ್ಸುತ್ತೆ.

ಅಮ್ಮ ಜನವರಿಗೆ ಬರ್ತಿದಾರೆ, ಅದೇ ಈಗ ಚಿಂತೆ. ಫ್ರಿಜ್ ಮೇಲೆ ನಮ್ಮ ಫೈರ್ ಪ್ಲಾನ್ ಇದೆ, ಕೆಟಾಸ್ಟ್ರೋಫಿಕ್ (ಬೆಂಕಿ ಅಪಾಯದ ಅತಿ ಮೇಲಿನ ಮಟ್ಟ) ಅಂತ ಹಿಂದಿನ ದಿನ ಹೇಳಿದ್ರೆ ಬೆಳಗ್ಗೇನೇ ಸಿಟಿ ಕಡೆ ಹೊರಡೋದು, ಪಾಸ್‌ಪೋರ್ಟು, ಪಫರು, ಉಣ್ಣೆ ಕಂಬಳಿ ಎಲ್ಲಾ ಒಂದು ಬ್ಯಾಗಲ್ಲಿ. ಆದ್ರೆ ಅದೆಲ್ಲ ನಾವಿಬ್ರೂ ಮನೇಲಿ ಇದ್ರೆ. ನಾವು ಆಫೀಸಲ್ಲಿ, ಪುಟ್ಟ ಹಾಲಿಡೇ ಪ್ರೋಗ್ರಾಮಲ್ಲಿ, ಅಮ್ಮ ಒಬ್ರೇ ಮನೇಲಿ, ಹಿಂದಿನ ಖಾಲಿ ಜಾಗದಲ್ಲಿ ಒಣಹುಲ್ಲು ಹತ್ಕೊಂಡ್ರೆ? ಡ್ರೈವಿಂಗ್ ಬರಲ್ಲ, ಇಂಗ್ಲಿಷ್ ಆ್ಯಪ್ ಓದೋಕಾಗಲ್ಲ. ಪಕ್ಕದ್ಮನೆಯೋರ ಹತ್ರ ಒಂದು ಕೀ ಕೊಟ್ಟಿಡ್ಬೇಕು, ತಾತನ್ನೂ ಒಂದ್ಸಲ ಊಟಕ್ಕೆ ಕರ್ದು ಅಮ್ಮನ್ನ ಪರಿಚಯ ಮಾಡಿಸ್ಬೇಕು, ಅವ್ರು ಬಾ ಅಂದ್ರೆ ಅಮ್ಮ ಹೆದರದೆ ಹೊರಡ್ಬೇಕಲ್ಲ, ಇವ್ರು ಕೇಳಿದ್ರೆ ಜನವರಿ ಬದ್ಲು ಮಾರ್ಚಲ್ಲೇ ಕರ್ಸೋಣ ಅಂತಾರೆ, ಆದ್ರೆ ಸಂಕ್ರಾಂತಿಗೆ ಪುಟ್ಟ ಅಜ್ಜಿ ಜೊತೆ ಇರ್ಬೇಕು ಅಂತ ನಂಗಾಸೆ, ಟಿಕೆಟ್ ರೇಟು ನಾಳೆ ನೋಡ್ತೀನಿ, ಡೇಲೈಟ್ ಸೇವಿಂಗ್ ಮುಗಿದು ನಾಳೆ ಗಡಿಯಾರ ಬೇರೆ ಒಂದು ಗಂಟೆ ಹಿಂದಕ್ಕೆ.